ಕೆರೆ ಮೀನುಗಾರಿಕೆ (ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು)

ಹಾವೇರಿ ಜಿಲ್ಲೆಯ ಈ ಸೀಮೆಗೆ ಕಡಲಿಲ್ಲ. ಇಲ್ಲಿನ ಮೀನುಗಾರಿಕೆ ಕೆರೆ, ಹೊಳೆಗಳದು. ಹಾನಗಲ್ಲಿನ ಆನಿಕೆರೆ, ಶಿಗ್ಗಾಂವಿಯ ನಾಗನೂರು ಕೆರೆ, ಸವಣೂರಿನ ಮೋತಿ ತಲಾಬ, ಮಾಸೂರಿನ ಬಳಿ ಕುಮುದ್ವತಿಗೆ ಕಟ್ಟಿದ ವಿಜಯನಗರ ಕಾಲದ ಮದಗದ ಕೆರೆ ಹೆಸರಾದವು. ಹಾನಗಲ್ಲ, ಸವಣೂರು ಭಾಗದಲ್ಲಿ ಹರಿಯುವ ವರದಾ ನದಿ ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ.

ಸಾಕುವ ಮೀನುಗಳು: ಕಾಟ್ಲಾ, ರೋಹು, ಮೃಗಾಲ್ ಮುಖ್ಯ. ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುವುದರಿಂದ ಮೂರೂ ಒಂದೇ ಕೆರೆಯಲ್ಲಿ ಬೆಳೆಯುತ್ತವೆ. ನಿಂತ ನೀರಿನಲ್ಲಿ ಇವು ಸಾಮಾನ್ಯವಾಗಿ ಮೊಟ್ಟೆ ಇಡುವುದಿಲ್ಲ. ಮಳೆಗಾಲದಲ್ಲಿ ಕೆರೆಗೆ ನೀರು ಬಂದ ಮೇಲೆ ಮರಿ ತಂದು ಬಿಡಬೇಕು.

ಕೊರವ ಮೀನು: ಇದು ಕೆರೆಯಲ್ಲೇ ಹುಟ್ಟಿ ಬೆಳೆಯುವ ಬೇಟೆಗಾರ ಮೀನು. ಕಳೆ ಬೆಳೆದ ಅಂಚಿನಲ್ಲಿ ಅಡಗಿ ಕಪ್ಪೆ, ಸಣ್ಣ ಮೀನುಗಳನ್ನು ಹಿಡಿಯುತ್ತದೆ; ಗಾಳಿ ಕುಡಿಯಲು ಆಗಾಗ ಮೇಲೆ ಬರುತ್ತದೆ. ನೀರು ಕದಡಿದ ಆ ಜಾಗ ನೋಡಿ, ಕಪ್ಪೆಮರಿ ಸಿಕ್ಕಿಸಿದ ಗಾಳವನ್ನು ಕಳೆಯ ಪಕ್ಕಕ್ಕೆ ಇಳಿಬಿಡುತ್ತಾರೆ. ಮಳೆಗಾಲದಲ್ಲಿ ನೀರಿನ ಮೇಲ್ಭಾಗದಲ್ಲಿ ತೇಲುವ ಕೆಂಪು ಮರಿಗಳ ಹಿಂಡನ್ನು ಕೆಳಗಿನಿಂದ ದೊಡ್ಡ ಮೀನು ಕಾಯುತ್ತಿರುತ್ತದೆ. ಕಾವಲು ಮೀನನ್ನು ಹಿಡಿದರೆ ಮರಿಗಳು ಬೇರೆ ಮೀನು, ಹಕ್ಕಿಗಳ ಪಾಲಾಗುತ್ತವೆ. ಮರಿ ಕಂಡಲ್ಲಿ ಗಾಳ ಹಾಕದಿರುವುದೇ ಈ ಸಂತತಿ ಉಳಿಸುವ ದಾರಿ.