ಬೊಂಬೆಗೆ ಜೀವ ಕೊಟ್ಟವರು

ಬೊಂಬೆಗೆ ಜೀವ ಬಂದರೆ ಏನಾದೀತು ಎಂಬುದು ಮಕ್ಕಳ ಪ್ರಶ್ನೆಯೆಂದು ನಾವು ಭಾವಿಸುತ್ತೇವೆ. ಆದರೆ ನಮ್ಮ ಕಥಾಸಾಹಿತ್ಯವನ್ನು ತೆರೆದು ನೋಡಿದರೆ, ಹಿರಿಯರೂ ಇದನ್ನು ಶತಮಾನಗಳಿಂದ ಕೇಳುತ್ತ ಬಂದಿರುವುದು ಕಂಡುಬರುತ್ತದೆ.

1995ರ ನವೆಂಬರಿನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ 'ಟಾಯ್ ಸ್ಟೋರಿ' ಪೂರ್ಣವಾಗಿ ಕಂಪ್ಯೂಟರಿನಲ್ಲೇ ರಚಿತವಾದ ಮೊದಲ ಪೂರ್ಣಪ್ರಮಾಣದ ಚಲನಚಿತ್ರ. ನಿರ್ದೇಶಕ ಜಾನ್ ಲ್ಯಾಸೆಟರ್. ಆಂಡಿ ಎಂಬ ಹುಡುಗನ ಆಟಿಕೆಗಳು ಯಾರೂ ಇಲ್ಲದಾಗ ಎದ್ದು ಓಡಾಡುತ್ತವೆ. ಮನುಷ್ಯರ ಹೆಜ್ಜೆಯ ಸಪ್ಪಳ ಕೇಳಿದೊಡನೆ ನಿಶ್ಚಲವಾಗಿ ಬಿದ್ದುಕೊಳ್ಳುತ್ತವೆ. ಹೊಸ ಗಗನಯಾತ್ರಿ ಬೊಂಬೆ ಬಂದಾಗ ಹಳೆಯ ದನಗಾಹಿ ಬೊಂಬೆ ವುಡಿಗೆ ತನ್ನ ಸ್ಥಾನ ತಪ್ಪೀತೆಂಬ ಭಯ. ಮೂಡಿಗೆರೆಯ ಆಷಾಢದ ಜಡಿಮಳೆಯಲ್ಲಿ ಮೊಮ್ಮಕ್ಕಳೊಡನೆ ನಾನು ಈ ಚಿತ್ರವನ್ನು ನೋಡಿದೆ. ಅವರು ನಕ್ಕರು, ನನಗೆ ಭೋಜರಾಜನ ನೆನಪಾಯಿತು.

ಬತ್ತೀಸಪುತ್ತಳಿಯ ಕಥೆ ಕನ್ನಡಿಗರಿಗೆ ಹೊಸದಲ್ಲ. ಹೊಲದ ದಿಬ್ಬದಡಿಯಲ್ಲಿ ದೊರೆತ ವಿಕ್ರಮಾದಿತ್ಯನ ಸಿಂಹಾಸನವನ್ನು ಭೋಜನು ಏರಹೋದಾಗ, ಮೆಟ್ಟಿಲ ಬೊಂಬೆಯೊಂದು ಬಾಯಿಬಿಟ್ಟು ತಡೆಯುತ್ತದೆ. ವಿಕ್ರಮನ ಔದಾರ್ಯ ನಿನ್ನಲ್ಲುಂಟೇ ಎಂಬುದು ಅದರ ಪ್ರಶ್ನೆ. ಹೀಗೆ 32 ಬೊಂಬೆಗಳು, 32 ಕಥೆಗಳು. ಇವು ಶಾಪಗ್ರಸ್ತ ದೇವಕನ್ಯೆಯರು. ಕಥೆ ಮುಗಿದಾಗ ಇವಕ್ಕೆ ವಿಮೋಚನೆ.

11ನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ ಕಥಾಸರಿತ್ಸಾಗರದಲ್ಲಿ ಬೇರೊಂದು ಬಗೆಯಿದೆ. ಮಯನ ಮಗಳು ಸೋಮಪ್ರಭೆ ತನ್ನ ಗೆಳತಿ ಕಳಿಂಗಸೇನೆಗೆ ಮರದ ಬೊಂಬೆಗಳ ಬುಟ್ಟಿಯನ್ನು ತರುತ್ತಾಳೆ. ಕೀಲು ಒತ್ತಿದರೆ ಒಂದು ಹಾರಿಹೋಗಿ ಹೂಮಾಲೆ ತರುತ್ತದೆ, ಒಂದು ನೀರು ತರುತ್ತದೆ, ಒಂದು ಕುಣಿಯುತ್ತದೆ, ಇನ್ನೊಂದು ಮಾತಾಡುತ್ತದೆ. ಇಲ್ಲಿ ಶಾಪವಿಲ್ಲ, ಯಂತ್ರವಿದೆ. ಈ ಗ್ರಂಥಕ್ಕೆ ಮೂಲವಾದ ಗುಣಾಢ್ಯನ ಬೃಹತ್ಕಥೆಯನ್ನು ಗಂಗದೊರೆ ದುರ್ವಿನೀತನು ಸಂಸ್ಕೃತಕ್ಕೆ ತಂದನೆಂದು ಗಂಗರ ಶಾಸನ ಹೇಳುತ್ತದೆ. ಆದ್ದರಿಂದ ಕನ್ನಡ ನೆಲಕ್ಕೂ ಈ ಕಥಾಪರಂಪರೆಗೂ ನಂಟು ಹಳೆಯದು.

ಮೂರನೆಯ ಬಗೆ ಕಥೆಯದಲ್ಲ, ಕಣ್ಣೆದುರಿನದು. ಚಾರ್ಮಾಡಿ ಘಾಟಿ ಇಳಿದು ಕರಾವಳಿ ಸೇರಿದರೆ ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಕಾಮತ್ ಮನೆತನದವರು ತಲೆಮಾರುಗಳಿಂದ ಯಕ್ಷಗಾನದ ಬೊಂಬೆಗಳನ್ನು ಕುಣಿಸುತ್ತ ಬಂದಿದ್ದಾರೆ. ಕಾಸರಗೋಡಿನಲ್ಲಿ ತೆಂಕುತಿಟ್ಟಿನ ಬೊಂಬೆಯಾಟವಿದೆ. ಬಯಲುಸೀಮೆಯಲ್ಲಿ ಕಿಳ್ಳೇಕ್ಯಾತರು ದೀಪದ ಬೆಳಕಿನಲ್ಲಿ ತೊಗಲುಬೊಂಬೆಯಾಡಿಸಿ ರಾಮಾಯಣ, ಮಹಾಭಾರತಗಳನ್ನು ಊರೂರಿಗೆ ಮುಟ್ಟಿಸಿದರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಪದ್ಮಶ್ರೀ ಸಂದಿತು. ನಾಟಕದ 'ಸೂತ್ರಧಾರ' ಎಂಬ ಮಾತೇ ಬೊಂಬೆಯ ದಾರ ಹಿಡಿದವನಿಂದ ಬಂದುದೆಂದು ಜರ್ಮನ್ ವಿದ್ವಾಂಸ ಪಿಶೆಲ್ ವಾದಿಸಿದ್ದ. ಶಿಲ್ಪಿಯ ಅಳತೆಯ ನೂಲಿನಿಂದ ಬಂದುದೆನ್ನುವವರೂ ಉಂಟು.

ಈ ಬಗೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸ್ವಾರಸ್ಯ ಹೊಳೆಯುತ್ತದೆ. ಚಲನಚಿತ್ರದ ಆಟಿಕೆಗೆ ಯಾರೂ ನೋಡದಿರುವಾಗ ಮಾತ್ರ ಜೀವ. ನಮ್ಮ ಬೊಂಬೆಯಾಟದ ಬೊಂಬೆಗೆ ಜನ ನೋಡುತ್ತಿರುವಾಗ ಮಾತ್ರ ಜೀವ. ನೋಡುವ ಕಣ್ಣು, ಆಡಿಸುವ ಕೈ ಇವೆರಡರಲ್ಲಿ ಒಂದು ಹಿಂದೆಗೆದರೂ ಅದು ಮತ್ತೆ ಬರಿಯ ಮರ, ಬರಿಯ ತೊಗಲು. ಚಲನಚಿತ್ರ ಒಮ್ಮೆ ಸಿದ್ಧವಾದರೆ ಅದನ್ನು ಮಾಡಿದವರು ಹೋದ ಮೇಲೂ ಓಡುತ್ತದೆ. ಬೊಂಬೆಯಾಟಕ್ಕೆ ಆ ಭಾಗ್ಯವಿಲ್ಲ. ಅದನ್ನು ಪ್ರತಿ ತಲೆಮಾರೂ ಕೈಯಿಂದ ಕೈಗೆ ಕಲಿಯಬೇಕು. ವಸ್ತುಸಂಗ್ರಹಾಲಯದ ಗಾಜಿನ ಹಿಂದಿರುವ ತೊಗಲುಬೊಂಬೆ ಸುರಕ್ಷಿತವೇನೋ ಹೌದು, ಆದರೆ ಅದು ಮೂಕ.

ವುಡಿಯ ಭಯ ಮೂಲೆಗೆ ಸೇರುವ ಭಯ. ನಮ್ಮ ಬೊಂಬೆಯಾಟದ ಮನೆತನಗಳಿಗೆ ಅದು ಬರಿಯ ಕಥೆಯಲ್ಲ. ಮಕ್ಕಳಿಗೆ ಪರದೆಯ ಆಟಿಕೆಗಳನ್ನು ಬೇಡವೆನ್ನಬೇಕಾಗಿಲ್ಲ. ಅವು ಒಳ್ಳೆಯ ಕಥೆಗಳೇ. ಆದರೆ ಶಾಲೆಯ ವಾರ್ಷಿಕೋತ್ಸವಕ್ಕೋ ಊರ ಜಾತ್ರೆಗೋ ಒಮ್ಮೆ ಬೊಂಬೆಯಾಟದ ಮೇಳವನ್ನು ಕರೆಸೋಣ. ಆಟ ಮುಗಿದ ಮೇಲೆ ಮಕ್ಕಳನ್ನು ಪರದೆಯ ಹಿಂದಕ್ಕೆ ಕರೆದೊಯ್ಯೋಣ. ಬೊಂಬೆಗೆ ಜೀವ ಕೊಟ್ಟ ಕೈಗಳನ್ನು ಅವರು ಅಲ್ಲಿ ಕಾಣಲಿ.