ಬಚ್ಚಲುಮನೆ ಕಿಟಕಿಯಿಂದ ಹಾಲ್‌ವರೆಗೆ: ಡಿಸೈನ್ ಗಾಜಿನ ಕಥೆ

ಬಸ್ಸಲ್ಲೋ ಮೆಟ್ರೋದಲ್ಲೋ ಕೂತು ಇದನ್ನ ಕೇಳ್ತಾ ಇದ್ದರೆ ಪಕ್ಕದ ಕಿಟಕಿ ಕಡೆ ಒಂದ್ಸಲ ನೋಡಿ. ಏನು ಕಾಣಿಸ್ತು? ರಸ್ತೆ, ಅಂಗಡಿ, ಜನ. ಗಾಜು ಮಾತ್ರ ಕಾಣಿಸಲಿಲ್ಲ ಅಲ್ವಾ? ಗಾಜು ಹೀಗೆ ಕಣ್ಣಿಗೇ ಬೀಳದ ಹಾಗೆ ಇರೋದು, ಅದೂ ಕಡಿಮೆ ದುಡ್ಡಿಗೆ ಸಿಗೋದು, ತೀರಾ ಇತ್ತೀಚಿನ ಸಂಗತಿ. ಇವತ್ತಿನ ಎಪಿಸೋಡ್ ಅದರ ಬಗ್ಗೆ.

ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಮೈಸೂರಿನ ನಮ್ಮ ಅಜ್ಜಿ ಮನೆಯಿಂದ. 1960ರ ದಶಕದಲ್ಲಿ ತಾತ ಕಟ್ಟಿಸಿದ ಮನೆ. ಅದನ್ನ ಕೆಡವಬೇಕು ಅಂತ ಈ ವರ್ಷ ಮಾವಂದಿರು ತೀರ್ಮಾನ ಮಾಡಿದರು. ನಡುಮನೆ ಬಾಗಿಲಿಗೆ ಉದ್ದುದ್ದ ಗೆರೆಗಳ ಗಾಜು ಇತ್ತು. ಚಿಕ್ಕವರಿದ್ದಾಗ ನಾವು ಈಚೆ ನಿಂತು ನೋಡ್ತಿದ್ವಿ. ಆಚೆಯಿಂದ ತಾತ ಬರ್ತಿದ್ದರೆ ಬಿಳಿ ಪಂಚೆ ಹತ್ತು ತುಂಡಾಗಿ ಕಾಣ್ತಿತ್ತು, ಹತ್ತಿರ ಬಂದ ಹಾಗೆ ತುಂಡುಗಳೆಲ್ಲ ಕೂಡಿ ತಾತ ಆಗ್ತಿದ್ದರು. ಬಚ್ಚಲುಮನೆ ಕಿಟಕಿಗೆ ಇದ್ದದ್ದು ಸಣ್ಣ ಸಣ್ಣ ಗುಬುಟಿನ ಗಾಜು, ಅಂಗಡಿಯವರು ಪಿನ್‌ಹೆಡ್ ಅಂತಾರಲ್ಲ, ಅದು.

ಅದೇ ವಾರ ಬೆಂಗಳೂರಿನಲ್ಲಿರೋ ಚಿಕ್ಕಮ್ಮನ ಮಗಳು ತನ್ನ ಹೊಸ ಫ್ಲ್ಯಾಟಿನ ಇಂಟೀರಿಯರ್ ಕೊಟೇಶನ್ ಕಳಿಸಿದಳು. ಹಾಲ್ ಪಾರ್ಟಿಶನ್‌ಗೆ 'ಫ್ಲೂಟೆಡ್ ಗ್ಲಾಸ್'. ಫೋಟೋ ನೋಡಿ ನಗು ಬಂತು. ತಾತನ ಬಾಗಿಲಿನ ಗಾಜೇ! ಇಲ್ಲಿ ಗುಜರಿಗೆ ಹೋಗ್ತಿರೋದು ಅಲ್ಲಿ ಕೊಟೇಶನ್ನಿನ ಅತಿ ದುಬಾರಿ ಸಾಲು. "ಬೇಡ ಕಣೇ, ಅಜ್ಜಿ ಮನೇದೇ ತಂದು ಹಾಕೋಣ" ಅಂದೆ. ಅವಳೂ ಒಪ್ಪಿದಳು. ಆಮೇಲೆ ಏನಾಯ್ತು ಅಂತ ಕೊನೆಗೆ ಹೇಳ್ತೀನಿ. ಮೊದಲು, ಗಾಜಿಗೆ ಈ ಗೆರೆ ಬಂದಿದ್ದಾದರೂ ಯಾಕೆ?

ಅಂದಕ್ಕೆ ಅಂತ ನಾನು ಅಂದ್ಕೊಂಡಿದ್ದೆ. ಆದರೆ ಕಥೆ ಶುರುವಾಗೋದು ಒಂದು ದೋಷದಿಂದ.

ಚಪ್ಪಟೆ ಗಾಜು ಮಾಡೋದು ನೂರಾರು ವರ್ಷ ಭಾರೀ ಕಷ್ಟದ ಕೆಲಸವಾಗಿತ್ತು. ಯುರೋಪಿನ ಒಂದು ಹಳೇ ವಿಧಾನದಲ್ಲಿ ಕೊಳವೆಯ ತುದಿಯಲ್ಲಿ ಬಿಸಿ ಗಾಜನ್ನು ಊದಿ, ಅದನ್ನ ಸಲಾಕೆಗೆ ಅಂಟಿಸಿಕೊಂಡು ಗಿರಗಿರ ತಿರುಗಿಸುತ್ತಿದ್ದರು. ಅದು ಅಗಲವಾದ ತಟ್ಟೆಯಂತೆ ಬಿಚ್ಚಿಕೊಳ್ಳುತ್ತಿತ್ತು. ಇದಕ್ಕೆ ಕ್ರೌನ್ ಗ್ಲಾಸ್ ಅಂತ ಹೆಸರು. ಅಂಚಿನ ತೆಳು ಗಾಜು ಒಳ್ಳೇ ಕಿಟಕಿಗೆ. ಸಲಾಕೆ ಅಂಟಿದ್ದ ನಡುಭಾಗದಲ್ಲಿ ದಪ್ಪ ಗುಬುಟು ಉಳಿಯುತ್ತಿತ್ತು, ಅದರಿಂದ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಹಾಗಾಗಿ ಅದು ಎಲ್ಲಕ್ಕಿಂತ ಅಗ್ಗ. ತಮಾಷೆ ಅಂದ್ರೆ, ಮುಂದೆ ಅದೇ ಗುಬುಟಿನ ತುಂಡು 'ಹಳೇ ಕಾಲದ ಸೊಗಸು' ಅಂತ ಬೇಡಿಕೆ ಪಡೆದು, ಅದರ ನಕಲನ್ನೇ ಬೇಕಂತ ತಯಾರಿಸಿ ಮಾರಿದರು.

ಇಲ್ಲೇ ಒಂದು ಮಾತು. ಹಳೇ ಕಿಟಕಿ ಗಾಜು ಕೆಳಗಡೆ ದಪ್ಪ ಇರುತ್ತೆ, ಯಾಕಂದ್ರೆ ಗಾಜು ನಿಧಾನವಾಗಿ ಹರಿಯುತ್ತೆ ಅಂತ ವಾಟ್ಸಾಪಲ್ಲಿ ಓದಿರ್ತೀರಿ. ಅದು ಸುಳ್ಳು. ಗಾಜು ಹುಟ್ಟುವಾಗಲೇ ಏರುಪೇರಾಗಿ ಹುಟ್ಟುತ್ತಿತ್ತು, ಅಷ್ಟೇ.

ಇನ್ನೊಂದು ದಾರಿ ಅಂದ್ರೆ ಕಬ್ಬಿಣದ ಮೇಜಿನ ಮೇಲೆ ಕರಗಿದ ಗಾಜು ಸುರಿದು, ಚಪಾತಿ ಲಟ್ಟಿಸಿದ ಹಾಗೆ ರೋಲರ್ ಎಳೆಯುವುದು. 1847ರಲ್ಲಿ ಇಂಗ್ಲೆಂಡಿನ ಜೇಮ್ಸ್ ಹಾರ್ಟ್ಲಿ ಇಂಥ ಅಗ್ಗದ ರೋಲ್ಡ್ ಗಾಜಿಗೆ ಪೇಟೆಂಟ್ ಪಡೆದ. ಗಟ್ಟಿ ಗಾಜು, ದೊಡ್ಡ ಹಾಳೆ. ಆದರೆ ಬಿಸಿ ಗಾಜು ತಣ್ಣನೆ ಕಬ್ಬಿಣ ಮುಟ್ಟಿದ ತಕ್ಷಣ ಮೈ ಒರಟಾಗುತ್ತಿತ್ತು. ಬೆಳಕು ಬರುತ್ತೆ, ನೋಟ ಬರಲ್ಲ. ತಿಳಿಯಾಗಬೇಕು ಅಂದ್ರೆ ಎರಡೂ ಕಡೆ ಮರಳು ಹಾಕಿ ಉಜ್ಜಬೇಕು, ಆಮೇಲೆ ಪಾಲಿಶ್. ಆ ಖರ್ಚು ಎಲ್ಲರಿಗೂ ಆಗುವಂಥದ್ದಲ್ಲ. ರೈಲು ನಿಲ್ದಾಣದ ಸೂರಿಗೆ, ಕಾರ್ಖಾನೆಗೆ ಒರಟು ಗಾಜೇ ಸಾಕು ಅಂತಾಯ್ತು.

ಹೇಗೂ ರೋಲರ್‌ನ ಗುರುತು ಬೀಳುತ್ತೆ, ಆ ಗುರುತೇ ಚೆನ್ನಾಗಿರಲಿ ಅಂತ ರೋಲರ್ ಮೇಲೇ ಗೆರೆ, ಹೂವು, ಚುಕ್ಕಿ ಕೊರೆದರು. 19ನೇ ಶತಮಾನದ ಕೊನೆಯ ಹೊತ್ತಿಗೆ ಇಂಥ ಗಾಜು ಯಂತ್ರದಲ್ಲಿ ರಾಶಿ ರಾಶಿ ಬರತೊಡಗಿತು. ತಾತನ ಬಾಗಿಲಿನ ಗಾಜು ಈ ವಂಶದ್ದು. ಅದರ ಒಂದೊಂದು ಗೆರೆಯೂ ಒಂದೊಂದು ಪುಟ್ಟ ಲೆನ್ಸ್. ಗಾಜಿಗೆ ಅಂಟಿ ನಿಂತರೆ ಆಕಾರ ಗೊತ್ತಾಗುತ್ತೆ, ದೂರ ಹೋದಷ್ಟೂ ಚೂರು ಚೂರು.

ಮಿತಿಯೇ ಸೊಗಸಾಗೋದು ಹೊಸದೇನಲ್ಲ. ಯುರೋಪಿನ ಹಳೇ ಚರ್ಚುಗಳಲ್ಲಿ ಬಣ್ಣದ ಗಾಜಿನ ಸಣ್ಣ ತುಂಡುಗಳನ್ನು ಸೀಸದ ಪಟ್ಟಿಯಲ್ಲಿ ಜೋಡಿಸಿರೋದಕ್ಕೆ ಒಂದು ಕಾರಣ, ದೊಡ್ಡ ಹಾಳೆ ಮಾಡೋಕೆ ಆಗ ಬರುತ್ತಿರಲಿಲ್ಲ. ನಮ್ಮ ಮೈಸೂರು ಅರಮನೆಯ ಕಲ್ಯಾಣ ಮಂಟಪದ ಹೊತ್ತಿಗೆ ಆ ಕಷ್ಟ ಇರಲಿಲ್ಲ. 1897ರಲ್ಲಿ ಮರದ ಅರಮನೆ ಬೆಂಕಿಗೆ ಸಿಕ್ಕ ಮೇಲೆ ಕಟ್ಟಿ 1912ರಲ್ಲಿ ಮುಗಿಸಿದ ಕಟ್ಟಡ ಅದು. ಚಾವಣಿಯ ಕಬ್ಬಿಣದ ಕೆಲಸ ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯದ್ದು, ಗಾಜಿನ ಮೇಲಿನ ನವಿಲು ಮೈಸೂರಿನ ಕಲಾವಿದರದ್ದು. ಅಲ್ಲಿ ಚೂರುಗಳನ್ನು ಜೋಡಿಸಿದ್ದು ಬೇರೆ ದಾರಿ ಇಲ್ಲದೆ ಅಲ್ಲ, ಚೆಂದ ಅಂತ.

ಇನ್ನು ಕಣ್ಣಿಗೇ ಬೀಳದ ಗಾಜಿಗೆ ಬರೋಣ. 1952ರಲ್ಲಿ ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿಯ ಇಂಜಿನಿಯರ್ ಅಲಸ್ಟೇರ್ ಪಿಲ್ಕಿಂಗ್ಟನ್‌ಗೆ (ಹೆಸರು ಒಂದೇ, ಆದರೆ ಮಾಲೀಕರ ಮನೆತನದವನಲ್ಲ) ಒಂದು ಯೋಚನೆ ಬಂತು. ಕಬ್ಬಿಣದ ಮೇಜೇ ಬೇಡ, ಕರಗಿದ ತವರದ ಮೇಲೆ ಗಾಜನ್ನು ತೇಲಿಸಿದರೆ? ತವರ 232 ಡಿಗ್ರಿಗೇ ಕರಗುತ್ತೆ, 1,000 ಡಿಗ್ರಿ ದಾಟಿದರೂ ಕುದಿಯಲ್ಲ, ಗಾಜಿಗಿಂತ ತೂಕ ಜಾಸ್ತಿ. ಹಾಲಿನ ಮೇಲೆ ಕೆನೆ ಹರಡಿಕೊಂಡ ಹಾಗೆ ಗಾಜು ತಾನಾಗೇ ಸಮ ಆಗುತ್ತೆ, ಉಜ್ಜೋ ಕೆಲಸವೇ ಇಲ್ಲ. ಹೇಳೋಕೆ ಸುಲಭ. ದೊಡ್ಡ ಕುಲುಮೆ ಶುರು ಮಾಡಿ 14 ತಿಂಗಳು ಬರೀ ಮಾರೋಕಾಗದ ಗಾಜು ಬಂತು. ಆದರೂ ನಿಲ್ಲಿಸಲಿಲ್ಲ. 1959ರಲ್ಲಿ ಫ್ಲೋಟ್ ಗ್ಲಾಸ್ ಜಗತ್ತಿನ ಮುಂದೆ ಬಂತು. ಭಾರತದಲ್ಲಿ ಅದರ ತಯಾರಿಕೆ ಶುರುವಾಗಿದ್ದು 1990ರ ದಶಕದಲ್ಲಿ. ಅದಕ್ಕಿಂತ ಹಿಂದಿನ ಮನೆಗಳ ಸಾದಾ ಕಿಟಕಿ ಗಾಜಿನಲ್ಲಿ ತಲೆ ಆಡಿಸಿ ನೋಡಿದರೆ ಹೊರಗಿನ ಮರ ನೀರಲ್ಲಿದ್ದ ಹಾಗೆ ಬಳುಕೋದು ಇದಕ್ಕೇ.

ಶುದ್ಧ ತಿಳಿ ಗಾಜು ಎಲ್ಲರ ಕೈಗೆ ಸಿಕ್ಕಿತು ನೋಡಿ, ಆಗ ಗೆರೆ ಗಾಜಿಗೆ ಬೆಲೆ ಏರಿತು ಅನ್ನೋದು ನನ್ನ ಲೆಕ್ಕ. ಈಗ ಅದು ಬಡವರ ಗಾಜಲ್ಲ, ಬೇಕಂತ ಆರಿಸಿಕೊಳ್ಳೋದು.

ಸರಿ, ಅಜ್ಜಿ ಮನೆ. ಬಾಗಿಲು ಬಿಚ್ಚೋಕೆ ಆಚಾರ್ರು ಬಂದಿದ್ದರು. ಒಟ್ಟು 6 ಗಾಜು. ಬೀಡಿಂಗ್ ಪಟ್ಟಿ ಎಬ್ಬಿಸುವಾಗ ಒಂದು ಸೀಳಿತು. ಚೂರಿಯಂಥ ಎರಡು ಉದ್ದ ಚೂಪು ಕೆಳಗೆ ಬಿತ್ತು, ಅವರ ಕಾಲಿಗೆ ಒಂದು ಗೇಣು ದೂರದಲ್ಲಿ. "ಅಕ್ಕಾ, ಇದು ಹಳೇ ಗಾಜು, ಮಕ್ಕಳಿರೋ ಮನೆಗೆ ಬೇಡ" ಅಂದರು. ತಂಗಿ ಮಗನಿಗೆ ಈಗ ಎರಡು ವರ್ಷ, ಕೈಗೆ ಸಿಕ್ಕಿದ್ದನ್ನೆಲ್ಲ ತಳ್ಳುವ ವಯಸ್ಸು.

ಗಾಜಿನಂಗಡಿಗೆ ಹೋಗಿ ಇದನ್ನೇ ಟಫನ್ ಮಾಡಿಸಬಹುದಾ ಅಂತ ಕೇಳಿದೆ. ಟಫನ್ ಅಂದ್ರೆ ಗಾಜನ್ನು 600 ಡಿಗ್ರಿಗಿಂತ ಹೆಚ್ಚು ಕಾಯಿಸಿ, ಎರಡೂ ಕಡೆ ಜೋರಾಗಿ ತಣ್ಣನೆ ಗಾಳಿ ಹೊಡೆಯೋದು. ಮೇಲ್ಮೈ ಮೊದಲು ಬಿಗಿಯುತ್ತೆ, ಒಳಗಿನದು ಆಮೇಲೆ ಕುಗ್ಗಿ ಅದನ್ನ ಅದುಮಿ ಹಿಡಿಯುತ್ತೆ. ಸಾದಾ ಗಾಜಿಗಿಂತ 4-5 ಪಟ್ಟು ಬಲ. ಒಡೆದರೂ ಚೂರಿಯಾಗಲ್ಲ, ಕಲ್ಲುಸಕ್ಕರೆ ಹರಳಿನ ಹಾಗೆ ಉದುರುತ್ತೆ. ಆದರೆ ಒಮ್ಮೆ ಟಫನ್ ಆದ ಮೇಲೆ ಕತ್ತರಿಸೋಕಾಗಲ್ಲ, ಅಳತೆ ಮೊದಲೇ ಸರಿ ಇರಬೇಕು. ಅಂಗಡಿಯವರು ಅಂಚಿನ ಮೇಲೆ ಬೆರಳಾಡಿಸಿ ತಲೆ ಅಲ್ಲಾಡಿಸಿದರು. ಅರವತ್ತು ವರ್ಷದ ಗೀರು, ಅಂಚಲ್ಲಿ ಸಣ್ಣ ಸಣ್ಣ ಬಿರುಕು. ಕುಲುಮೆಯಲ್ಲೇ ಸಿಡಿಯುತ್ತೆ, ನಾವು ತಗೊಳ್ಳಲ್ಲ ಅಂದರು.

ತಂಗಿ ಹೊಸ ಟಫನ್ಡ್ ಫ್ಲೂಟೆಡ್ ಗಾಜನ್ನೇ ಹಾಕಿಸಿದಳು. ಬೇಜಾರಾಯ್ತು, ಆದರೆ ಅವಳು ಮಾಡಿದ್ದೇ ಸರಿ. ಉಳಿದ 5 ಗಾಜಿನಲ್ಲಿ ಎರಡು ನನ್ನ ಅಡುಗೆಮನೆ ಬಾಗಿಲ ಮೇಲಿನ ವೆಂಟಿಲೇಟರ್‌ನಲ್ಲಿವೆ, ಯಾರ ಕೈಗೂ ಎಟುಕದ ಎತ್ತರದಲ್ಲಿ, ಒಳಗಡೆಗೆ ಸೇಫ್ಟಿ ಫಿಲ್ಮ್ ಅಂಟಿಸಿಕೊಂಡು. ಅಜ್ಜಿಯನ್ನ ಕರ್ಕೊಂಡು ಬಂದು ತೋರಿಸಿದೆ. ಕತ್ತೆತ್ತಿ ನೋಡಿ, "ಅಷ್ಟು ಮೇಲೆ ಹಾಕಿದೀಯಲ್ಲ, ಒರೆಸೋದು ಯಾರು?" ಅಂದರು.