ಹಗ್ಗದಲ್ಲಿ ನಿಲ್ಲಿಸಿದ ಹಸು: ಚಿತ್ರಪತ್ರಿಕೆಯೊಂದರ ಹಳೇ ಕಥೆ

1858ರ ಮೇ ತಿಂಗಳು. ಅಮೆರಿಕದ ನ್ಯೂಯಾರ್ಕ್ ನಗರದ ಬೀದಿಗಳಲ್ಲಿ ದಿನವೂ ಹಾಲಿನ ಗಾಡಿಗಳು ಓಡಾಡುತ್ತಿದ್ದವು. ಗಾಡಿಯ ಪಕ್ಕಕ್ಕೆ ‘ಶುದ್ಧ ಹಳ್ಳಿ ಹಾಲು’ ಎಂದು ಬರೆಸಿರುತ್ತಿದ್ದರು. ಅವುಗಳಲ್ಲಿ ಎಷ್ಟೋ ಗಾಡಿಗಳ ಹಾಲು ಹಳ್ಳಿಯನ್ನು ಕಂಡಿದ್ದೇ ಇಲ್ಲ.

ಆ ಹಾಲು ಬರುತ್ತಿದ್ದದ್ದು ನಗರದೊಳಗಿನ ವಿಸ್ಕಿ ಭಟ್ಟಿಗಳ ಪಕ್ಕದ ಕೊಟ್ಟಿಗೆಗಳಿಂದ. ಧಾನ್ಯ ಕೊಳೆಸಿ ವಿಸ್ಕಿ ಇಳಿಸಿದ ಮೇಲೆ ಗಸಿ ಉಳಿಯುತ್ತದೆ. ಅದನ್ನು ಚೆಲ್ಲುವ ಬದಲು ಬಿಸಿಬಿಸಿಯಾಗಿಯೇ ಮರದ ಕಾಲುವೆಯಲ್ಲಿ ಹರಿಸಿ ಹಸುಗಳ ಬಾನಿಗೆ ಬಿಡುತ್ತಿದ್ದರು. ಒಮ್ಮೆ ಕಟ್ಟಿದ ಹಸು ಬಿಸಿಲು ಕಾಣುತ್ತಿರಲಿಲ್ಲ. ಹಲ್ಲು ಹಾಳಾಗಿ, ಮೈಯೆಲ್ಲ ಹುಣ್ಣಾಗಿ, ಬಾಲ ಕೊಳೆತು ಉದುರುತ್ತಿತ್ತು. ಹಾಲು ನೀಲಿ ಛಾಯೆಯ ನೀರಿನಂತಿರುತ್ತಿತ್ತು. ಅದಕ್ಕೆ ಸೀಮೆಸುಣ್ಣ, ಹಿಟ್ಟು, ಪ್ಲಾಸ್ಟರ್ ಪುಡಿ ಬೆರೆಸಿ ಬೆಳ್ಳಗೆ ಮಾಡುತ್ತಿದ್ದರು. ಇದನ್ನು ಕುಡಿದ ಬಡವರ ಕೂಸುಗಳು ಭೇದಿಯಾಗಿ ಸಾಯುತ್ತಿದ್ದವು. ಹಸು ಸಾಕುವ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಕಲಗಚ್ಚು ಕೊಡುವುದು ತಪ್ಪಲ್ಲ, ಕಲಗಚ್ಚನ್ನೇ ಮೇವು ಮಾಡುವುದು ತಪ್ಪು.

ಇದು ಯಾರಿಗೂ ಗೊತ್ತಿರಲಿಲ್ಲವೇ? ಗೊತ್ತಿತ್ತು. ರಾಬರ್ಟ್ ಹಾರ್ಟ್ಲಿ ಎಂಬ ಸಮಾಜ ಸುಧಾರಕ 1842ರಲ್ಲೇ ಹಾಲಿನ ಬಗ್ಗೆ ಒಂದು ಪುಸ್ತಕ ಬರೆದು ಈ ಕೊಟ್ಟಿಗೆಗಳ ವಿಷಯವನ್ನು ಬಯಲಿಗಿಟ್ಟಿದ್ದರು. ಓದಿದವರು ಅಯ್ಯೋ ಅಂದರು, ಪುಸ್ತಕ ಮಡಚಿಟ್ಟರು. ಹದಿನಾರು ವರ್ಷ ಗಾಡಿ ಓಡುತ್ತಲೇ ಇತ್ತು.

ಅದನ್ನು ಅಲ್ಲಾಡಿಸಿದ್ದು ಚಿತ್ರ. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ಹೆನ್ರಿ ಕಾರ್ಟರ್ ಎಂಬಾತ ಕೈಗವಸು ತಯಾರಿಸುವವರ ಮಗ. ಮನೆಯವರಿಗೆ ಗೊತ್ತಾಗದಿರಲಿ ಅಂತ ‘ಫ್ರಾಂಕ್ ಲೆಸ್ಲಿ’ ಎಂಬ ಸುಳ್ಳು ಹೆಸರಲ್ಲಿ ಪತ್ರಿಕೆಗಳಿಗೆ ಚಿತ್ರ ಕಳಿಸುತ್ತಿದ್ದ. ಲಂಡನ್ನಿನ ಚಿತ್ರಪತ್ರಿಕೆಯೊಂದರಲ್ಲಿ ಕೆಲಸ ಕಲಿತು ಅಮೆರಿಕಕ್ಕೆ ಹೋಗಿ, 1855ರಲ್ಲಿ ಅದೇ ಹೆಸರಲ್ಲಿ ‘ಫ್ರಾಂಕ್ ಲೆಸ್ಲೀಸ್ ಇಲಸ್ಟ್ರೇಟೆಡ್ ನ್ಯೂಸ್‌ಪೇಪರ್’ ಎಂಬ ವಾರಪತ್ರಿಕೆ ತೆಗೆದ.

ಆಗ ಫೋಟೊ ತೆಗೆಯಲು ಬರುತ್ತಿತ್ತು, ಆದರೆ ಫೋಟೊವನ್ನು ಅಕ್ಷರದ ಜೊತೆ ಅಚ್ಚು ಹಾಕಲು ಬರುತ್ತಿರಲಿಲ್ಲ. ಚಿತ್ರವನ್ನು ಬಾಕ್ಸ್‌ವುಡ್ ಎಂಬ ಗಟ್ಟಿ ಮರದ ಮೇಲೆ ಕೆತ್ತಬೇಕಿತ್ತು. ಆ ಮರದ ಕಾಂಡ ಸಣ್ಣದು, ದೊಡ್ಡ ಹಲಗೆ ಸಿಗುವುದಿಲ್ಲ. ಹಾಗಾಗಿ ಸಣ್ಣ ಸಣ್ಣ ತುಂಡುಗಳನ್ನು ಹಿಂದಿನಿಂದ ಬೋಲ್ಟ್ ಹಾಕಿ ಜೋಡಿಸಿ ಒಂದು ಪುಟದಷ್ಟು ಮಾಡಿ, ಅದರ ಮೇಲೆ ಚಿತ್ರ ಬರೆದು, ಮತ್ತೆ ಬಿಚ್ಚಿ ಒಬ್ಬೊಬ್ಬ ಕೆತ್ತನೆಗಾರನಿಗೆ ಒಂದೊಂದು ತುಂಡು ಕೊಡುತ್ತಿದ್ದರು. ಒಬ್ಬನ ಪಾಲಿಗೆ ಆಕಾಶ, ಇನ್ನೊಬ್ಬನ ಪಾಲಿಗೆ ಹಸುವಿನ ಹಿಂಗಾಲು! ಕೆತ್ತಿದ ಮೇಲೆ ಮತ್ತೆ ಜೋಡಿಸಿ ಅಚ್ಚಿಗೆ. ಹಳೆಯ ಸಂಚಿಕೆಗಳ ಕೆಲವು ಚಿತ್ರಗಳಲ್ಲಿ ತುಂಡು ಕೂಡಿದ ಕಡೆ ಸಣ್ಣ ಬಿಳಿ ಗೆರೆ ಇವತ್ತಿಗೂ ಕಾಣುತ್ತದೆ. ಒಬ್ಬನೇ ಕೂತು ಕೆತ್ತಿದರೆ ವಾರಗಟ್ಟಲೆ ಹಿಡಿಯುವ ಕೆಲಸ ಹೀಗೆ ಬೇಗ ಮುಗಿದು, ಸುದ್ದಿ ಬಿಸಿ ಇರುವಾಗಲೇ ಚಿತ್ರವೂ ಬರುತ್ತಿತ್ತು.

ಲೆಸ್ಲಿ ತನ್ನ ಚಿತ್ರಗಾರರನ್ನು ಭಟ್ಟಿ ಕೊಟ್ಟಿಗೆಗಳಿಗೆ ಕಳಿಸಿದ. ವಾರವಾರವೂ ಚಿತ್ರ ಬಂತು. ಅದರಲ್ಲಿ ಒಂದು, ಎದ್ದು ನಿಲ್ಲಲೂ ಆಗದ ಸಾಯುವ ಹಸುವನ್ನು ಹೊಟ್ಟೆಯಡಿ ಪಟ್ಟಿ ಹಾಕಿ, ಹಗ್ಗದಿಂದ ಮೇಲಕ್ಕೆತ್ತಿ ಹಾಲು ಕರೆಯುತ್ತಿರುವುದು. ಓದಲು ಬಾರದವರಿಗೂ ಆ ಚಿತ್ರ ತಿಳಿಯಿತು.

ಆದರೆ ಕೆತ್ತಿದ ಚಿತ್ರ ಎಂದರೆ ಮನುಷ್ಯನ ಕೈ ಮಾಡಿದ್ದು. ಹುಣ್ಣನ್ನು ದೊಡ್ಡದು ಮಾಡಿ ಬರೆದಿಲ್ಲ ಅಂತ ಏನು ಖಾತ್ರಿ? ಲೆಸ್ಲಿ ಅದಕ್ಕೂ ದಾರಿ ಹುಡುಕಿದ್ದ. ಕೊಟ್ಟಿಗೆ ಎಲ್ಲಿದೆ, ಅಲ್ಲಿಂದ ಹೊರಟ ಗಾಡಿ ಯಾವ ಯಾವ ಬೀದಿಗೆ ಹೋಗುತ್ತದೆ ಎಂದು ಜನರನ್ನು ಬೆನ್ನುಹತ್ತಿಸಿ ತಿಳಿದು ಅಚ್ಚು ಹಾಕಿದ. ಅನುಮಾನ ಇದ್ದವರು ಹೋಗಿ ನೋಡಬಹುದಿತ್ತು. ನಮ್ಮ ಪ್ರಕಾರ ಚಿತ್ರದಷ್ಟೇ ಕೆಲಸ ಮಾಡಿದ್ದು ಈ ವಿಳಾಸಗಳು. ದಿನಕ್ಕೆ ಹತ್ತು ಫಾರ್ವರ್ಡ್ ಫೋಟೊ ಬರುವ ನಮ್ಮ ಫೋನಿನಲ್ಲಿ ಎಷ್ಟಕ್ಕೆ ಊರು, ದಿನಾಂಕ ಇರುತ್ತದೆ ನೋಡಿ.

ನಗರಸಭೆ ಸಮಿತಿ ಮಾಡಿತು. ಸಮಿತಿ ಬರುತ್ತದೆಂಬ ಸುದ್ದಿ ಕೊಟ್ಟಿಗೆಯವರಿಗೆ ಮೊದಲೇ ಮುಟ್ಟಿತ್ತು. ಮೈಕಲ್ ಟುವೊಮಿ ಎಂಬ ಸದಸ್ಯ ಮಾಲೀಕರ ಪರವಾಗಿಯೇ ನಿಂತ. ಹಾಲಿನಲ್ಲಿ ದೋಷವಿಲ್ಲ, ಕೊಟ್ಟಿಗೆಗೆ ಗಾಳಿ ಬೆಳಕು ಬೇಕು ಅಷ್ಟೇ ಎಂಬ ಧಾಟಿಯ ವರದಿ ಬಂತು. ನಾವು ತಿಪ್ಪೆ ಸಾರಿಸುವುದು ಅನ್ನುವುದಕ್ಕೆ ಇಂಗ್ಲಿಷಿನವರು ಸುಣ್ಣ ಬಳಿಯುವುದು ಅನ್ನುತ್ತಾರೆ. ಲೆಸ್ಲಿಯ ಪತ್ರಿಕೆ ಜುಲೈನಲ್ಲಿ ಆ ಮಾತನ್ನೇ ವ್ಯಂಗ್ಯಚಿತ್ರ ಮಾಡಿತು. ನಗರಸಭೆಯ ಸದಸ್ಯರು ಬಕೆಟ್ಟು ಕುಂಚ ಹಿಡಿದು ರೋಗದ ಹಸುವಿಗೆ ಸುಣ್ಣ ಹೊಡೆಯುತ್ತಿದ್ದಾರೆ! ಕೊನೆಗೆ 1862ರಲ್ಲಿ ನ್ಯೂಯಾರ್ಕ್ ರಾಜ್ಯ ಕಾನೂನು ತಂದಿತು. ಕಾನೂನು ಬಂದ ಮಾತ್ರಕ್ಕೆ ಭಟ್ಟಿ ಹಾಲು ಒಂದೇ ದಿನಕ್ಕೆ ನಿಲ್ಲಲಿಲ್ಲ.

ಲೆಸ್ಲಿ ಸಾಧು ಮನುಷ್ಯನೇನಲ್ಲ. ಕೊಲೆ, ಬೆಂಕಿ, ಕುಸ್ತಿಯಂಥ ಹೊಡೆದಾಟ, ಎಲ್ಲದರ ಚಿತ್ರವನ್ನೂ ಮಾರಿದವನು. ಹಾಲಿನ ಕಥೆಯಿಂದಲೂ ಅವನ ಪತ್ರಿಕೆಯ ಮಾರಾಟ ಏರಿತು. ಇದಕ್ಕೆ ಮೂಗು ಮುರಿಯಲು ನಮಗೆ ಮನಸ್ಸಿಲ್ಲ. ನಮ್ಮಲ್ಲೊಬ್ಬರು ಒಂದು ಊರಿನ ಕುಡಿಯುವ ನೀರಿನ ಟ್ಯಾಂಕಿನ ಬಗ್ಗೆ ಪತ್ರಿಕೆಯೊಂದಕ್ಕೆ ಮೂರು ಸಲ ವರದಿ ಕಳಿಸಿದ್ದರು. ಮೂರೂ ಬರಲಿಲ್ಲ. ನಾಲ್ಕನೇ ಸಲ ಟ್ಯಾಂಕಿನೊಳಗಿನ ಪಾಚಿಯ ಫೋಟೊ ಕಳಿಸಿದಾಗ ಮಾರನೇ ದಿನವೇ ಬಂತು, ವರದಿ ಇಲ್ಲದೆ ಬರೀ ಫೋಟೊ.

ಲೆಸ್ಲಿ ತೀರಿಕೊಂಡದ್ದು 1880ರಲ್ಲಿ. ಅದೇ ವರ್ಷ ಮಾರ್ಚ್ 4ರಂದು ನ್ಯೂಯಾರ್ಕಿನ ‘ಡೈಲಿ ಗ್ರಾಫಿಕ್’ ಪತ್ರಿಕೆ ಜೋಪಡಪಟ್ಟಿಯೊಂದರ ಫೋಟೊವನ್ನು ಸಣ್ಣ ಚುಕ್ಕೆಗಳಾಗಿ ಒಡೆದು ನೇರ ಅಚ್ಚು ಹಾಕಿತು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಈ ಹಾಫ್‌ಟೋನ್ ಚಿತ್ರಗಳು ಪತ್ರಿಕೆಗಳನ್ನು ತುಂಬಿದವು. ಆಕಾಶ ಕೆತ್ತುವವನಿಗೂ ಹಸುವಿನ ಹಿಂಗಾಲು ಕೆತ್ತುವವನಿಗೂ ಕೆಲಸ ಕಡಿಮೆಯಾಗುತ್ತಾ ಹೋಯಿತು.